ಐದನೆಯ ಹೆಸರು

"ಇನ್ನೊಂದು ಗೆರೆ ಖಾಲಿ ಇದೆ," ಎಂದಳು ಮಿರ್ತಾ ಒಲಸಾಬಲ್, ಪೆನ್ನಿನ ತುದಿಯನ್ನು ಕಾಗದದ ಮೇಲೆ ಊರಿ. "ಕೆಲಸ ಎಲ್ಲೋ ಸಿಕ್ಕಿಹಾಕ್ಕೊಂಡಾಗ ಕಂಪನಿಯ ಹೊರಗೆ ಯಾರ ಹತ್ರ ಹೋಗಿ ಮಾತಾಡ್ತೀರಿ? ನಾಲ್ಕು ಹೆಸರು ಹೇಳಿದ್ರಿ. ಐದರ ತನಕ ಹೇಳ್ಬಹುದು."

ದೆಲಿಯಾ ಮಾರ್ಕೀಸಿಯೊ ಕಿಟಕಿಯ ಕಡೆ ನೋಡಿದಳು. ಕೆಳಗೆ ಅಂಗಳದಲ್ಲಿ ಕಿತ್ತಳೆ ಬಣ್ಣದ ಹನ್ನೊಂದು ಕೂರಿಗೆ ಯಂತ್ರಗಳು ಸಾಲಾಗಿ ನಿಂತಿದ್ದವು. ಸೂರ್ಯಕಾಂತಿಯ ಬಿತ್ತನೆಗೆ ಇನ್ನು ಐದು ವಾರ. ಬ್ರೆಜಿಲ್‌ನ ಕಾಶಿಯಾಸ್ ಊರಿನ ಪ್ಲಾಸ್ಟಿಕ್ ಕಂಪನಿ, ಸರ್ಕಾರಿ ಕೃಷಿ ಕೇಂದ್ರದ ಮಣ್ಣಿನ ತಜ್ಞ, ರೊಸಾರಿಯೊದಲ್ಲಿರುವ ತನ್ನ ಹಳೆಯ ಪ್ರೊಫೆಸರು, ಉತ್ತರದ ಕಡೆಯ ಡೀಲರು. ನಾಲ್ಕು ಹೆಸರೂ ಸಲೀಸಾಗಿ ಬಂದಿದ್ದವು. ಐದನೆಯದು ಗಂಟಲಿನವರೆಗೆ ಬಂದು ಅಲ್ಲೇ ಕೂತಿತ್ತು.

"ಇಲ್ಲ. ಅಷ್ಟೇ," ಎಂದಳು.

ಮಿರ್ತಾ ಖಾಲಿ ಗೆರೆಯ ಮೇಲೊಂದು ಅಡ್ಡಗೀಟು ಎಳೆದಳು. ಐವತ್ತು ದಾಟಿದ, ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು ಮಾತಾಡುವ ಹೆಂಗಸು. ವಿಶ್ವವಿದ್ಯಾಲಯದವರು ಕಳಿಸಿದ್ದರು. ಲಾಸ್ ತಾಲಾಸ್‌ನಂಥ ಸಣ್ಣ ಊರಿನಲ್ಲಿ ಇಷ್ಟೊಂದು ಕೂರಿಗೆ ಕಾರ್ಖಾನೆಗಳು ಹೇಗೆ ಬದುಕಿವೆ, ಯಾರು ಯಾರ ಜೊತೆ ಕೈಜೋಡಿಸುತ್ತಾರೆ, ಹೆಚ್ಚು ಒಡನಾಟ ಇರುವವರು ಹೆಚ್ಚು ಹೊಸದನ್ನು ಮಾಡುತ್ತಾರೆಯೇ, ಇದು ಅವಳ ಹುಡುಕಾಟ. ಎರಡು ವಾರದಿಂದ ಊರಿನ ಒಂದೊಂದೇ ಬಾಗಿಲು ತಟ್ಟುತ್ತಿದ್ದಳು.

"ಹೋದ ವರ್ಷ ಕೃಷಿ ಮೇಳದಲ್ಲಿ ನಿಮಗೆ ಪದಕ ಬಂತಲ್ಲ, ಓರೆ ತೂತಿನ ಬೀಜದ ಬಿಲ್ಲೆ. ಅದರ ಯೋಚನೆ ಎಲ್ಲಿಂದ ಬಂತು? ಕಂಪನಿಯ ಒಳಗಿಂದಲೋ, ಪಾಲುದಾರರಿಂದಲೋ, ಗಿರಾಕಿಗಳಿಂದಲೋ?"

"ಒಳಗಿಂದ."

"ನಿಮ್ಮ ವಿನ್ಯಾಸ ವಿಭಾಗದಿಂದ?"

"ಹೂಂ."

ಪೆನ್ನು ಒಂದು ಚೌಕದೊಳಗೆ ಗುರುತು ಹಾಕಿತು. ಅಷ್ಟೇ ಸದ್ದು. ಮಿರ್ತಾ ಕಾಗದಗಳನ್ನು ಜೋಡಿಸಿ ಚೀಲಕ್ಕೆ ಹಾಕುತ್ತಾ ಎದ್ದು ನಿಂತಳು. "ಮಧ್ಯಾಹ್ನದ ನಿದ್ದೆ ಮುಗಿಸ್ಕೊಂಡು ನಾಲ್ಕು ಗಂಟೆಗೆ ಬನ್ನಿ ಅಂದಿದಾರೆ ಬೊಯೆಟ್ಟಿ ಅವರು. ತಮಾಷೆ ನೋಡಿ, ಈ ಊರಲ್ಲಿ ಯಾರನ್ನ ಕೇಳಿದ್ರೂ ಆ ಮುದುಕರ ಹೆಸರೇ. ಆರು ಕಾರ್ಖಾನೆಯವರು ಮೊದಲನೇ ಗೆರೆಯಲ್ಲೇ ಬರೆಸಿದ್ರು. ನೀವು ಬರೆಸ್ಲಿಲ್ಲ."

"ನಾವು ಕೊಟ್ಟ ನಕ್ಷೆ ನೋಡ್ಕೊಂಡು ಮಾಡಿಕೊಡ್ತಿದ್ರು. ಅಷ್ಟೇ."

ಈ ಮಾತು ತನ್ನ ಬಾಯಿಂದಲೇ ಬಂತೆಂದು ದೆಲಿಯಾಗೆ ನಂಬಿಕೆಯಾಗಲಿಲ್ಲ. ಮಿರ್ತಾ ಹೋದ ಮೇಲೂ ಅದು ಕೋಣೆಯಲ್ಲಿ ಕುರ್ಚಿ ಎಳೆದುಕೊಂಡು ಕೂತ ಹಾಗಿತ್ತು.

ನಕ್ಷೆ ಓದುವುದನ್ನು ದೆಲಿಯಾಗೆ ಕಲಿಸಿದ್ದೇ ನಜರೇನೊ ಬೊಯೆಟ್ಟಿ. ಅವನ ಮಗಳು ಗ್ರಿಸೆಲ್ದಾ ಮತ್ತು ದೆಲಿಯಾ ಶಾಲೆಯಲ್ಲಿ ಒಂದೇ ಬೆಂಚು. ಶಾಲೆ ಬಿಟ್ಟರೆ ಇಬ್ಬರೂ ಅವನ ವರ್ಕ್‌ಶಾಪಿಗೆ ಓಡುತ್ತಿದ್ದರು. ದೆಲಿಯಾಳ ಹನ್ನೆರಡನೆಯ ವಯಸ್ಸಿಗೇ ಅವನು ಅವಳ ಕೈಗೆ ಅರ ಕೊಟ್ಟು, "ಒತ್ತಬೇಡ ತಾಯಿ, ಸವರು. ಕಬ್ಬಿಣ ತಾನಾಗೇ ದಾರಿ ಬಿಡುತ್ತೆ," ಎಂದಿದ್ದ. ಅವಳು ಇಂಜಿನಿಯರಿಂಗ್ ಓದಿ ಊರಿಗೆ ಮರಳಿ ಪೆರ್ರಾಕೊ ಕಾರ್ಖಾನೆ ಸೇರಿದಾಗ ಊರೆಲ್ಲ ಅವಳನ್ನು ಇಂಜಿನಿಯರಮ್ಮ ಎಂದಿತು. ನಜರೇನೊಗೆ ಮಾತ್ರ ಅವಳು ತಾಯಿಯೇ, ಅವಳಿಗೆ ಅವನು, ಹಿರಿಯರನ್ನು ಗೌರವದಿಂದ ಕರೆಯುವ ಹಾಗೆ, ಡೋನ್ ನಜರೇನೊನೇ. ಅವನ ಬಾಗಿಲು ಯಾರಿಗೂ ಮುಚ್ಚಿದ್ದಿಲ್ಲ. ಒಂದು ಕಾರ್ಖಾನೆಯವರ ತೊಡಕನ್ನು ಇನ್ನೊಂದು ಕಾರ್ಖಾನೆಯವರೆದುರೇ ಬಿಡಿಸುತ್ತಿದ್ದ. ಒಬ್ಬ ಕಲಿತದ್ದು ಮರುದಿನ ಇನ್ನೊಬ್ಬನಿಗೆ ಉಪಯೋಗಕ್ಕೆ ಬರುತ್ತಿತ್ತು. ಊರು ಬೆಳೆದದ್ದೇ ಹಾಗೆ.

ಮೂರು ಚಳಿಗಾಲದ ಹಿಂದೆ ದೆಲಿಯಾಳ ತೊಡಕು ಸೂರ್ಯಕಾಂತಿಯದು. ಕೂರಿಗೆಯೊಳಗೆ ತಿರುಗುತ್ತ ಬೀಜವನ್ನು ಒಂದೊಂದಾಗಿ ಮಣ್ಣಿಗೆ ಬಿಡುವುದು ತೂತಿನ ಬಿಲ್ಲೆ; ಉದ್ದ ಮೂತಿಯ ಆ ಬೀಜ ಅದರ ತೂತಿನಲ್ಲಿ ಕಚ್ಚಿಕೊಂಡು ಬೀಳುತ್ತಲೇ ಇರಲಿಲ್ಲ. ಹೊಲದಲ್ಲಿ ಸಾಲಿನ ನಡುವೆ ಬೋಳು. ಒಂದು ಶನಿವಾರ ಬೆಳಿಗ್ಗೆ ಅವಳು ಅದನ್ನೆಲ್ಲ ಹೇಳಿಕೊಂಡು ಎದ್ದುಹೋಗಿದ್ದಳು. ಮುಂದಿನ ಶನಿವಾರ ಹೋದಾಗ ಅವನು ಮೇಜಿನ ಮೇಲೆ ಒಂದು ಬಿಲ್ಲೆ ಇಟ್ಟ. ತೂತುಗಳನ್ನು ನೆಟ್ಟಗೆ ಕೊರೆದಿರಲಿಲ್ಲ. ಅರದಲ್ಲಿ, ಒಂದೊಂದನ್ನೂ ಕೈಯಲ್ಲಿ, ಓರೆಯಾಗಿ ತೀಡಿದ್ದ. ಬೊಗಸೆಯಷ್ಟು ಬೀಜ ಸುರಿದು ಬಿಲ್ಲೆ ತಿರುಗಿಸಿದ. ಒಂದೊಂದಾಗಿ, ಒಂದೊಂದಾಗಿ, ತಟ್ಟೆಗೆ ಬಿದ್ದವು.

"ತಗೊಂಡ್ ಹೋಗು. ಹೊಲದಲ್ಲಿ ನೋಡು. ಸರಿಹೋಗ್ಲಿಲ್ಲಾಂದ್ರೆ ಬೈಯಕ್ಕಾದ್ರೂ ಬಾ," ಎಂದಿದ್ದ.

ಅವಳು ಅದನ್ನು ಹೊಲಕ್ಕೂ ಒಯ್ದಳು, ಆಮೇಲೆ ಕಾಶಿಯಾಸ್‌ಗೂ ಒಯ್ದಳು. ಕಾರ್ಖಾನೆಯ ಮಾಲೀಕ ಆಲ್ದೊ ಪೆರ್ರಾಕೊಗೆ ಆ ಬ್ರೆಜಿಲ್ ಕಂಪನಿಯ ಪಾಲುದಾರಿಕೆ ಬೇಕೇಬೇಕಿತ್ತು. "ಅವರು ನಮ್ಮ ಕೈ ಹಿಡೀಬೇಕಾದ್ರೆ ನಮ್ಮ ಕೈಲೂ ಏನಾದ್ರೂ ಇರ್ಬೇಕಲ್ಲ ದೆಲಿಯಾ," ಎನ್ನುತ್ತಿದ್ದ. ಅಲ್ಲಿಯ ಉದ್ದನೆಯ ಮೇಜಿನ ಮೇಲೆ ಬಿಲ್ಲೆ ಇಟ್ಟಾಗ ಒಬ್ಬ ಇಂಜಿನಿಯರ್ ಅದನ್ನು ಬೆಳಕಿಗೆ ಹಿಡಿದು ನೋಡಿ, "ಇದು ಯಾರದ್ದು?" ಎಂದು ಕೇಳಿದ. "ನಮ್ಮದು," ಎಂದಳು ದೆಲಿಯಾ.

ಆ ಗಳಿಗೆಯಲ್ಲಿ ಅವಳ 'ನಮ್ಮದು' ಎಂಬ ಮಾತಿನೊಳಗೆ ನಜರೇನೊ ಇದ್ದ. ಊರೇ ಇತ್ತು. ಹಾಗೆಂದು ಅವಳು ಮೂರು ವರ್ಷದಿಂದ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಆದರೆ ಮೇಜಿನ ಸುತ್ತ ಕೂತವರಿಗೆ ಅದು ಬೇರೆ ಥರ ಕೇಳಿತು. ಅವಳಿಗೆ ಅದು ಗೊತ್ತಾಯಿತು, ತಿದ್ದಲಿಲ್ಲ. ಪೇಟೆಂಟಿನ ಅರ್ಜಿಯಲ್ಲಿ ಎರಡು ಹೆಸರು ಬಂದವು, ಅವಳದು ಮತ್ತು ಆಲ್ದೊನದು. ಊರಿಗೆ ಬಂದ ವಾರವೇ ಹೋಗಿ ಹೇಳಬೇಕು ಎಂದುಕೊಂಡಳು. ಆ ವಾರ ಗೋಧಿ ಕೊಯ್ಲು, ಯಂತ್ರ ಕೆಟ್ಟು ಬಂದವರ ಗಲಾಟೆ. ಆಮೇಲೆ ಕ್ರಿಸ್‌ಮಸ್. ಆಮೇಲೆ ಅವನ ವರ್ಕ್‌ಶಾಪಿನ ಬೀದಿಗೆ ತಿರುಗುವುದನ್ನೇ ಬಿಟ್ಟಳು.

ಅವನಿಗೆ ಗೊತ್ತಾದದ್ದು ಮೇಳದಲ್ಲಿ. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದ. ಮಳಿಗೆಯ ಮುಂದೆ ನಿಂತು ಫಲಕವನ್ನು ಮೊದಲಿಂದ ಕೊನೆಯವರೆಗೆ ಓದಿದ. ಪದಕ ಕೊಟ್ಟಾಗ ಎಲ್ಲರ ಜೊತೆ ಚಪ್ಪಾಳೆಯನ್ನೂ ತಟ್ಟಿದ. ಅವಳ ಹತ್ತಿರ ಬಂದು, "ತೂತು ಚೆನ್ನಾಗ್ ಕೂತಿದೆ," ಎಂದು ಹೇಳಿ ಹೋದ. ಬೈದಿದ್ದರೆ ಚೆನ್ನಾಗಿತ್ತು. ಒಪ್ಪಂದದ ಪ್ರಕಾರ ಬಿಲ್ಲೆಗಳೆಲ್ಲ ಕಾಶಿಯಾಸ್‌ನಲ್ಲಿ ಪ್ಲಾಸ್ಟಿಕ್ಕಿನಲ್ಲಿ ಅಚ್ಚಾಗತೊಡಗಿದವು. ನಜರೇನೊಗೆ ಹೋಗುತ್ತಿದ್ದ ಕೆಲಸ ನಿಂತಿತು. ಇನ್ನು ಬಿಲ್ಲೆ ಬೇಡವೆಂದು ಬರೆದ ಪತ್ರಕ್ಕೆ ಸಹಿ ಹಾಕಿದ್ದು ವಿಭಾಗದ ಮುಖ್ಯಸ್ಥೆ, ಅಂದರೆ ಅವಳೇ. ಐದು ಜನ ಕೆಲಸಗಾರರಿದ್ದಲ್ಲಿ ಇಬ್ಬರು ಉಳಿದರು.

ಆಮೇಲಿಂದ ಅವಳ ವಿಭಾಗದಲ್ಲಿ ಹೊಸದೊಂದೂ ಹುಟ್ಟಿರಲಿಲ್ಲ. ಈಗಂತೂ ಒಣ ಗಾಳಿ ಬೀಸಿದ ದಿನ ಆ ಪ್ಲಾಸ್ಟಿಕ್ ಬಿಲ್ಲೆಗೆ, ತಲೆ ಬಾಚಿದ ಬಾಚಣಿಗೆಗೆ ಕಾಗದದ ಚೂರು ಅಂಟುವ ಹಾಗೆ, ಬೀಜ ಅಂಟಿಕೊಳ್ಳುತ್ತಿತ್ತು. ಕಾಶಿಯಾಸ್‌ನವರು ಪತ್ರಕ್ಕೆಲ್ಲ ವಿನಯವಾಗಿ ಉತ್ತರ ಬರೆಯುತ್ತಿದ್ದರು, ಪರಿಶೀಲನೆ ನಡೆದಿದೆ ಎಂದು. ಶನಿವಾರ ಬೆಳಿಗ್ಗೆ ಹೋಗಿ ಕೂತು ಹೇಳಿಕೊಳ್ಳುವುದಕ್ಕೆ ಅವಳಿಗೆ ಜಾಗವಿರಲಿಲ್ಲ.

ಗಡಿಯಾರ ಮೂರೂವರೆ ತೋರಿಸಿತು. ದೆಲಿಯಾ ಕಾರಿನ ಬೀಗದ ಕೈ ತೆಗೆದುಕೊಂಡಳು.

ಬೀದಿಗಳು ಇನ್ನೂ ನಿದ್ದೆಯಲ್ಲಿದ್ದವು. ಅಂಗಡಿಗಳ ಬಾಗಿಲು ಮುಚ್ಚಿತ್ತು. ಚೌಕದ ಬಿಸಿಲಲ್ಲಿ ಎರಡು ನಾಯಿಗಳು ಅಡ್ಡಾಗಿದ್ದವು. ಮಿರ್ತಾ ಬರುವ ಮೊದಲೇ ಅವನನ್ನು ಕಾಣಬೇಕು. ಕಂಡು? ಕ್ಷಮಿಸಿ ಎನ್ನಬೇಕು ಎಂದು ಒಂದು ಮನಸ್ಸು ಹೇಳಿತು. ಅದರ ಹಿಂದೆಯೇ, ಮೆತ್ತಗೆ, ಇನ್ನೊಂದು ಯೋಚನೆ ತಲೆ ಹಾಕಿತು: ಅವಳ ಮುಂದೆ ಏನೂ ಹೇಳಬೇಡಿ ಅಂತ ಕೇಳಿಕೊಂಡರೆ? ಅವನು ಇಲ್ಲ ಎನ್ನುವವನಲ್ಲ ಎಂಬುದೂ ಅವಳಿಗೆ ಗೊತ್ತಿತ್ತು. ಅದಕ್ಕೇ ತನ್ನ ಬಗ್ಗೆ ತನಗೇ ಹೇಸಿಗೆಯಾಯಿತು.

ತಡವಾಗಿತ್ತು. ನಾಲ್ಕಕ್ಕೆ ಮುಂಚೆಯೇ ಮಿರ್ತಾ ಬಂದು ಕೂತಿದ್ದಳು. ಉದ್ದನೆಯ ಮೇಜಿನ ಮೇಲಿದ್ದ ಸ್ಪ್ಯಾನರುಗಳನ್ನು ಸರಿಸಿ ದೊಡ್ಡ ಹಾಳೆ ಹರಡಿದ್ದಳು. ಊರಿನ ಕಾರ್ಖಾನೆಗಳೆಲ್ಲ ಅದರಲ್ಲಿ ಪುಟ್ಟ ಸೊನ್ನೆಗಳು, ಒಂದರಿಂದ ಒಂದಕ್ಕೆ ಗೆರೆಗಳು. ಎದುರಿಗೆ ನಜರೇನೊ, ಎಪ್ಪತ್ತೊಂದರ ವಯಸ್ಸಿಗೂ ಬಾಗದ ಬೆನ್ನು, ಬಿಸಿನೀರಿನ ಫ್ಲಾಸ್ಕು ಕಂಕುಳಲ್ಲಿಟ್ಟುಕೊಂಡು ಸೋರೆ ಬುರುಡೆಗೆ, ಚಹಾದ ಹಾಗೆ ಹೀರುವ ಮಾಟೆಯ ಸೊಪ್ಪು ತುಂಬುತ್ತಿದ್ದ. ಲೇತಿನ ಹತ್ತಿರ ಗ್ರಿಸೆಲ್ದಾ ಕೈ ಒರೆಸಿಕೊಳ್ಳುತ್ತಿದ್ದಳು.

"ಓಹೋ, ಯಾರಿದು!" ಎಂದಳು ಗ್ರಿಸೆಲ್ದಾ. "ಪದಕದೋರು. ದಾರಿ ತಪ್ಪಿ ಬಂದ್ಯೇನೆ?"

"ಸುಮ್ನಿರು," ಎಂದ ನಜರೇನೊ. "ಬಾ ತಾಯಿ. ಕೂತ್ಕೋ. ಈಗ ನೀರು ಹಾಕ್ತಿದೀನಿ, ಮೊದಲನೇದು ಕಹಿ ಇರುತ್ತೆ, ಅದನ್ನ ನಾನೇ ಕುಡೀತೀನಿ."

ದೆಲಿಯಾ ಮರದ ಸ್ಟೂಲಿನ ತುದಿಯಲ್ಲಿ ಕೂತಳು. ಮಿರ್ತಾ ಕನ್ನಡಕದ ಮೇಲಿನಿಂದ ಅವಳನ್ನೊಮ್ಮೆ ನೋಡಿ ಕೆಲಸಕ್ಕೆ ತಿರುಗಿದಳು.

"ಹೇಳಿ ಡೋನ್ ನಜರೇನೊ. ಕೆಲಸ ಸಿಕ್ಕಿಹಾಕ್ಕೊಂಡಾಗ ನೀವು ಯಾರ ಹತ್ರ ಮಾತಾಡ್ತೀರಿ? ಐದು ಹೆಸರು."

"ಮೊದಲನೇದು ಇವಳದೇ ಬರ್ಕೊಳಿ," ಎಂದ ಅವನು, ಗಲ್ಲದಿಂದ ದೆಲಿಯಾ ಕಡೆ ತೋರಿಸಿ.

ಗ್ರಿಸೆಲ್ದಾ ನಕ್ಕಳು. ಆ ನಗುವಿನಲ್ಲಿ ನಗು ಇರಲಿಲ್ಲ. "ಅಪ್ಪಾ, ಮೂರು ವರ್ಷ ಆಯ್ತು ಇವಳು ಈ ಹೊಸಿಲು ತುಳಿದು."

"ಮೂರು ವರ್ಷ ತಾನೇ. ಅದಕ್ ಮುಂಚೆ ಮೂವತ್ತು ವರ್ಷ ತುಳೀಲಿಲ್ವೇ?"

ಮಿರ್ತಾ ಹೆಸರು ಬರೆದುಕೊಂಡಳು. ಬುರುಡೆ ದೆಲಿಯಾಳ ಕೈಗೆ ಬಂತು. ಅವಳು ಲೋಹದ ಕೊಳವೆಯನ್ನು ತುಟಿಗಿಟ್ಟು ಹೀರಿದಳು. ಬಾಯಿ ಸುಟ್ಟಿತು. ಬುರುಡೆಯನ್ನು ಅವನಿಗೆ ಹಿಂತಿರುಗಿಸಿದಳು.

"ಇನ್ನೊಂದು," ಎಂದಳು ಮಿರ್ತಾ. "ಓರೆ ತೂತಿನ ಬಿಲ್ಲೆ ಅಂತ ಇದೆಯಲ್ಲ. ಈ ಊರಲ್ಲಿ ಈಚೆಗೆ ಆಗಿರೋ ದೊಡ್ಡ ಹೊಸ ಕೆಲಸ ಅದೇ ಅಂತಾರೆ ಎಲ್ಲರೂ. ಅದರಲ್ಲಿ ನಿಮ್ಮ ಪಾಲೇನಾದ್ರೂ ಇತ್ತಾ?"

ನಜರೇನೊ ಬುರುಡೆಗೆ ನೀರು ಹಾಕುತ್ತಿದ್ದ, ಹಾಕುತ್ತಲೇ ಇದ್ದ.

"ಅದಕ್ಕೆ ಇವಳು ಏನಂತ ಬರೆಸಿದಾಳೆ?"

"ಒಬ್ಬರು ಹೇಳಿದ್ದನ್ನ ಇನ್ನೊಬ್ಬರಿಗೆ ಹೇಳೋ ಹಾಗಿಲ್ಲ."

"ಸರಿ ಹಂಗಾದ್ರೆ. ಇವಳು ಏನ್ ಬರೆಸಿದಾಳೋ ಅದನ್ನೇ ನಂದೂ ಅಂತ ಬರ್ಕೊಳಿ."

ಗ್ರಿಸೆಲ್ದಾ ಕೈ ಒರೆಸುತ್ತಿದ್ದ ಬಟ್ಟೆಯನ್ನು ಲೇತಿನ ಮೇಲೆ ಎಸೆದಳು. "ಅಪ್ಪಾ, ಹದಿನೆಂಟು ತೂತು! ಒಂದೊಂದಕ್ಕೆ ಮೂರು ಗಂಟೆ. ಕಣ್ಣು ಕೆಂಪಗೆ ಮಾಡ್ಕೊಂಡು ತೀಡಿದ್ದು ನೀನಲ್ವಾ? ನಾನು ನೋಡಿಲ್ವಾ?" ದೆಲಿಯಾ ಕಡೆ ತಿರುಗಿದಳು. "ನೋಡೇ, ನಿನ್ನನ್ನ ಕಾಪಾಡ್ತಿದಾನೆ. ಈಗ್ಲೂ. ನಿಂಗೆ ಗಂಟಲಲ್ಲಿ ಇಳಿಯುತ್ತಾ ಅದು?"

ಇಳಿಯುತ್ತಿರಲಿಲ್ಲ. ದೆಲಿಯಾ ಎದ್ದು ನಿಂತಳು. ಎದ್ದದ್ದು ಯಾಕೆಂದು ಅವಳಿಗೇ ತಿಳಿಯಲಿಲ್ಲ, ಶಾಲೆಯಲ್ಲಿ ತಪ್ಪು ಒಪ್ಪಿಕೊಳ್ಳುವಾಗ ಎದ್ದು ನಿಲ್ಲುತ್ತಿದ್ದ ರೂಢಿಯಿರಬೇಕು.

"ನಾನು ಸುಳ್ಳು ಬರೆಸ್ದೆ," ಎಂದಳು ಮಿರ್ತಾಗೆ. "ಆ ಬಿಲ್ಲೆ ಇವರದು. ಯೋಚನೆ ಇವರದು, ಕೈ ಇವರದು. ನಾನು ಎತ್ಕೊಂಡ್ ಹೋದೆ. ತಿದ್ದಿ ಅದನ್ನ. ಐದನೇ ಹೆಸರೂ ಇವರದೇ."

ಮಿರ್ತಾ ಚೀಲದಿಂದ ಬೆಳಗಿನ ಕಾಗದ ಹುಡುಕಿ ತೆಗೆದು, ಹಳೆಯ ಗುರುತನ್ನು ಹೊಡೆದುಹಾಕಿ ಪಕ್ಕದ ಚೌಕದಲ್ಲಿ ಹೊಸದು ಹಾಕಿದಳು. ದೊಡ್ಡ ಹಾಳೆಯಲ್ಲಿ ಎರಡು ಸೊನ್ನೆಗಳ ನಡುವೆ ಗೆರೆ ಎಳೆದಳು. "ತಿದ್ದಿದೀನಿ," ಎಂದಳು. "ಆದ್ರೆ ಇದರಲ್ಲಿ ಯಾರ ಹೆಸರೂ ಅಚ್ಚಾಗಲ್ಲ ದೆಲಿಯಾ. ನೀವು ಹದಿನಾಲ್ಕನೇ ನಂಬರು. ಇವರು ನಲವತ್ತೊಂದು," ಎಂದಳು. ಅದರಲ್ಲಿ ಕೊಂಕಿರಲಿಲ್ಲ, ಇದ್ದದ್ದನ್ನು ಹೇಳಿದಳು.

"ಕೇಳಿಸ್ಕೊಂಡ್ಯಾ?" ಎಂದಳು ಗ್ರಿಸೆಲ್ದಾ. "ಹೆಸರಿಲ್ಲದ ಕಡೆ ನಿಜ ಹೇಳೋಕೆ ಎಷ್ಟು ಸಲೀಸು."

ನಜರೇನೊ ಬುರುಡೆ ತೆಗೆದುಕೊಂಡು ಮಿರ್ತಾಗೆ ನೀರು ಹಾಕಿ ಕೊಟ್ಟ.

ಸೋಮವಾರ ಬೆಳಿಗ್ಗೆ ಅವಳು ಆಲ್ದೊನ ಕೋಣೆಗೆ ಹೋಗಿ, ಬಿಲ್ಲೆ ತನ್ನದಲ್ಲ, ನಜರೇನೊನದು, ಪೇಟೆಂಟಿನಲ್ಲಿ ಹೆಸರು ತಿದ್ದಬೇಕು ಎಂದಳು. ಅವನು ಮೊದಲು ನಕ್ಕ, ಆಮೇಲೆ ಎದ್ದು ಬಾಗಿಲು ಮುಚ್ಚಿದ.

"ಆ ಮುದುಕ ಬಂದು ಕೇಳಿದ್ನಾ?"

"ಇಲ್ಲ."

"ಯಾರೂ ಕೇಳದೇ ಇರೋದನ್ನ ಯಾಕೆ ಕೆದಕ್ತೀಯ? ಕಾಶಿಯಾಸ್‌ನವರು ಏನ್ ಅಂದ್ಕೋತಾರೆ? ನಮ್ದೇ ಅಂತ ನಂಬಿ ಕೈಹಿಡಿದೋರು, ಕದ್ದ ಮಾಲು ಅಂತ ಗೊತ್ತಾದ್ರೆ ಬಿಟ್ಟು ಹೋಗಲ್ವಾ? ಇನ್ನೂರು ಜನ ಇದಾರೆ ಇಲ್ಲಿ."

"ನೀವೇನೂ ಹೇಳೋದು ಬೇಡ ಡೋನ್ ಆಲ್ದೊ. ದೆಲಿಯಾ ನಂಗೂ ಸುಳ್ಳು ಹೇಳಿದ್ಲು ಅಂತ ಬರೀರಿ. ಅದು ನಿಜಾನೂ ಹೌದು."

ಅದು ನಿಜವೆಂಬುದು ಅವನಿಗೆ ಅನುಕೂಲವಾಗಿಯೇ ಇತ್ತು. ಪತ್ರ ನೀನೇ ಬರಿ, ಸಹಿ ನೀನೇ ಹಾಕು, ನಾಳೆಯಿಂದ ಬಿಡಿಭಾಗಗಳ ಗೋದಾಮು ನೋಡಿಕೋ ಎಂದ. ಹದಿನೆಂಟು ವರ್ಷ ಕೂತ ಕೋಣೆಯಿಂದ ಅವಳು ತಂದದ್ದು ಒಂದು ಅಳತೆಪಟ್ಟಿ ಮತ್ತು ಅವ್ವನ ಫೋಟೊ.

ಪೇಟೆಂಟ್ ಕಚೇರಿಗೆ ಒಂದು ಪತ್ರ ಹೋಯಿತು, ಕಾಶಿಯಾಸ್‌ಗೆ ಒಂದು. ಎರಡನೆಯದನ್ನು ಬರೆಯಲು ಅವಳಿಗೆ ನಾಲ್ಕು ದಿನ ಬೇಕಾಯಿತು. ಪ್ರತಿ ಸಲವೂ ಕಾರಣ ಹೇಳುವ ಒಂದು ವಾಕ್ಯ ತಾನಾಗಿ ನುಸುಳುತ್ತಿತ್ತು, ಅದನ್ನು ಹೊಡೆದುಹಾಕಿ ಮತ್ತೆ ಬರೆಯುತ್ತಿದ್ದಳು. ಉತ್ತರ ಬರಲು ಎರಡು ವಾರ ಹಿಡಿಯಿತು. ಆ ಎರಡು ವಾರ ಆಲ್ದೊ ಅವಳನ್ನು ಕಂಡರೆ ಮುಖ ತಿರುಗಿಸುತ್ತಿದ್ದ. ಗೋದಾಮಿನ ಕೆಲಸಗಾರರು ಇಂಜಿನಿಯರಮ್ಮ ಎನ್ನುವುದೋ ಬೇಡವೋ ತಿಳಿಯದೆ ಏನೂ ಕರೆಯದೆ ಮಾತಾಡುತ್ತಿದ್ದರು.

ಉತ್ತರ ಚಿಕ್ಕದಾಗಿತ್ತು. ಬೆಳಕಿಗೆ ಬಿಲ್ಲೆ ಹಿಡಿದು ನೋಡಿದ್ದ ಆ ಇಂಜಿನಿಯರ್‌ನೇ ಬರೆದಿದ್ದ. ಒಪ್ಪಂದ ಮುರಿಯುವ ಮಾತು ಅದರಲ್ಲಿ ಎಲ್ಲಿಯೂ ಇರಲಿಲ್ಲ. ಆ ತೂತು ಕೈಯಲ್ಲಿ ತೀಡಿದ್ದೆಂದು ತನಗೆ ಮೊದಲ ದಿನವೇ ಅನಿಸಿತ್ತು, ಯಾರ ಕೈ ಎಂದು ತಿಳಿಯುವ ಆಸೆಯಿತ್ತು ಎಂದಿದ್ದ. ಅಂಥವರೊಬ್ಬರು ನಿಮ್ಮ ಜೊತೆ ಇದ್ದಾರೆಂದು ಆವತ್ತೇ ತಿಳಿದಿದ್ದರೆ ಲೋಹದ ಬಿಲ್ಲೆಯ ಕೆಲಸವನ್ನು ಅವರಲ್ಲೇ ಬಿಟ್ಟು, ಪ್ಲಾಸ್ಟಿಕ್ಕಿನದನ್ನು ಅವರ ಜೊತೆ ಕೂತು ಮಾಡುತ್ತಿದ್ದೆವು. ಬೀಜ ಅಂಟುವ ತೊಂದರೆಗೆ ನಮಗಂತೂ ದಾರಿ ಕಾಣುತ್ತಿಲ್ಲ. ಅವರನ್ನು ಒಂದು ಮಾತು ಕೇಳಲು ಆಗುತ್ತದೆಯೇ?

ದೆಲಿಯಾ ಅದನ್ನು ಗೋದಾಮಿನಲ್ಲಿ ಯಂತ್ರದ ಬೆಲ್ಟುಗಳ ನಡುವೆ ನಿಂತು ಎರಡು ಸಲ ಓದಿದಳು. ಹಾಗಾದರೆ ಸುಳ್ಳು ಬೇಕೇ ಇರಲಿಲ್ಲ. ಅಲ್ಲಿ ಯಾರೂ ಅದನ್ನು ಕೇಳಿರಲಿಲ್ಲ. ನಿಜ ಹೇಳಿದ್ದರೆ ಕೆಲಸ ಕಳೆದುಕೊಂಡ ಆ ಮೂವರು ಇವತ್ತೂ ಬೆಳಿಗ್ಗೆ ಏಳಕ್ಕೆ ಬಂದು ನಜರೇನೊನ ಲೇತು ಚಾಲೂ ಮಾಡುತ್ತಿದ್ದರು.

ಶನಿವಾರ ಬೆಳಿಗ್ಗೆ ಅವಳು ಪತ್ರ ಹಿಡಿದುಕೊಂಡು ಹೋದಳು. ಬೀದಿಯ ತಿರುವಿನಿಂದಲೇ ಅರದ ಸದ್ದು ಕೇಳುತ್ತಿತ್ತು. ಬಾಗಿಲು ಅರ್ಧ ತೆರೆದಿತ್ತು. ಒಳಗೆ ನಜರೇನೊ ಒಬ್ಬನೇ, ಬಾಗಿಲಿಗೆ ಬೆನ್ನು ಮಾಡಿ, ದೀಪದ ಕೆಳಗೆ ಬಾಗಿ ಕೆಲಸದಲ್ಲಿದ್ದ.

"ಡೋನ್ ನಜರೇನೊ," ಎಂದಳು.

ಅರದ ಸದ್ದು ನಿಂತಿತು. ಅವನು ತಿರುಗುವ ಮೊದಲು ಪಕ್ಕದಲ್ಲಿದ್ದ ಒಂದು ಬಟ್ಟೆ ಎತ್ತಿಕೊಂಡು, ದೀಪದ ಕೆಳಗಿದ್ದುದರ ಮೇಲೆ ಹಾಕಿದ. ಅವಸರವೇನೂ ಇರಲಿಲ್ಲ. ಅಂಚು ಎಳೆದು ಸರಿಮಾಡಿದ. ಅವನು ಯಾರೆದುರೂ ಕೆಲಸ ಮುಚ್ಚಿದ್ದನ್ನು ಅವಳು ಕಂಡಿರಲಿಲ್ಲ.

"ಬಾ ತಾಯಿ," ಎಂದ. ಮುಖದಲ್ಲಿ ಹಳೆಯ ನಗುವೇ ಇತ್ತು. "ನೀರು ಕಾದಿದೆ. ಅಲ್ಲಿ ಬೇಡ, ಇಲ್ಲಿ ಬಾ, ಬಾಗಿಲ ಹತ್ರ ಬಿಸಿಲಿದೆ."

ಎರಡು ಸ್ಟೂಲುಗಳನ್ನು ತಾನೇ ತಂದು ಬಾಗಿಲ ಬಳಿ ಹಾಕಿದ. ಬುರುಡೆಗೆ ಸೊಪ್ಪು ತುಂಬಿದ. ಅವಳ ಹಳೆಯ ಮೊಣಕಾಲು ನೋವಿನದು, ಗೋದಾಮಿನ ಚಳಿಯದು, ಈ ವರ್ಷ ತಡವಾದ ಮಳೆಯದು, ಎಲ್ಲವನ್ನೂ ವಿಚಾರಿಸಿದ. ಪೇಟೆಂಟಿನಲ್ಲಿ ಅವನ ಹೆಸರು ಸೇರುತ್ತದೆ ಎಂದು ಅವಳು ಹೇಳಿದಾಗ, "ಗ್ರಿಸೆಲ್ದಾಗೆ ಹೇಳು, ಸಂತೋಷಪಡ್ತಾಳೆ," ಎಂದ. ಕಾಶಿಯಾಸ್‌ನ ಪತ್ರ ಅವಳ ಕೋಟಿನ ಜೇಬಿನಲ್ಲೇ ಇತ್ತು. ಎರಡು ಸಲ ಅದರ ಮೇಲೆ ಕೈ ಹೋಯಿತು, ಹೊರಗೆ ತೆಗೆಯಲಿಲ್ಲ.

ಬೀದಿಯಲ್ಲಿ ಒಂದು ಟ್ರ್ಯಾಕ್ಟರ್ ಹಾದುಹೋಯಿತು. ಅದರ ಧೂಳು ಬಾಗಿಲ ಬಿಸಿಲಿನೊಳಗೆ ಬಂದು ನಿಧಾನವಾಗಿ ಇಳಿಯತೊಡಗಿತು. ನಜರೇನೊ ಬುರುಡೆಯ ಬಾಯಿಗೆ ಅಂಗೈ ಅಡ್ಡ ಹಿಡಿದ. ಅವನ ಹೆಗಲ ಹಿಂದೆ, ಹಗಲಲ್ಲೂ ಉರಿಯುತ್ತಿದ್ದ ದೀಪದ ಕೆಳಗೆ, ನೀಲಿ ಬಟ್ಟೆ ಹೊದ್ದ, ಬಿಲ್ಲೆಯಷ್ಟೇ ಅಗಲದ ಆ ದುಂಡನೆಯ ಆಕಾರ ಹಾಗೇ ಇತ್ತು. ಅವಳು ನೋಡುವುದನ್ನು ಅವನು ನೋಡಿದ. ಫ್ಲಾಸ್ಕು ಎತ್ತಿ, ಅವಳ ಪಾಲಿನ ನೀರು ಹಾಕಿದ.